ದೆಹಲಿಗೆ ಒಬ್ಬಳೇ, ರೈಲಿನಲ್ಲಿ: ಯಾವ ಗಾಡಿ, ಯಾವ ಕ್ಲಾಸು, ಯಾವ ಬರ್ತು?

"ಒಬ್ಬಳೇ ದೆಹಲಿಗೆ ಹೋಗ್ಬೇಕು. ಯಾವ ಕ್ಲಾಸ್ ಬುಕ್ ಮಾಡ್ಲಿ?" ಎಂದು ಕೇಳುವವರಲ್ಲಿ ಎಲ್ಲ ಬಗೆಯವರೂ ಇದ್ದಾರೆ. ಇಂಟರ್‌ವ್ಯೂಗೆ ಹೊರಟ ಹುಡುಗಿ, ಮಗಳ ಬಾಣಂತನಕ್ಕೆ ಹೊರಟ ಅಮ್ಮ, ಇಷ್ಟು ವರ್ಷ ಗಂಡನ ಜೊತೆ ಬಿಟ್ಟು ಎಲ್ಲೂ ಹೋಗದ ಟೀಚರ್. ಅವರಿಗೆ ಸಿಗುವ ಉತ್ತರ ಮಾತ್ರ ಒಂದೇ: ದುಡ್ಡಿದ್ದರೆ ಫಸ್ಟ್ ಎಸಿ, ಇಲ್ಲದಿದ್ದರೆ ಸೆಕೆಂಡ್ ಎಸಿ (ಟೂ ಎಸಿ), ಅದೂ ಆಗದಿದ್ದರೆ ಥರ್ಡ್ ಎಸಿ (ತ್ರೀ ಎಸಿ), ಸ್ಲೀಪರ್ ಅಂತೂ ಬೇಡವೇ ಬೇಡ. ಈ ಲೆಕ್ಕವನ್ನು ನಾನು ಒಪ್ಪುವುದಿಲ್ಲ. ಒಬ್ಬಳೇ ಹೋಗುವವಳಿಗೆ ದರ ಏರಿದ ಹಾಗೆಲ್ಲ ನೆಮ್ಮದಿಯೂ ಏರುತ್ತದೆ ಅನ್ನುವ ಖಾತ್ರಿ ಇಲ್ಲ. ಕ್ಲಾಸ್ ಆರಿಸುವ ಮೊದಲೇ ತೀರ್ಮಾನ ಆಗಬೇಕಾದ ಸಂಗತಿಗಳು ಬೇರೆ ಇವೆ.

ಬೆಂಗಳೂರು–ದೆಹಲಿಯನ್ನೇ ಉದಾಹರಣೆಯಾಗಿ ಇಟ್ಟುಕೊಳ್ಳೋಣ. ಸುಮಾರು 2,400 ಕಿಲೋಮೀಟರ್, ಎರಡು ರಾತ್ರಿ, ನಡುವೆ ಒಂದು ಇಡೀ ಹಗಲು. ಮೊದಲ ದೂರದ ಪ್ರಯಾಣದಲ್ಲಿ ಎದುರಾಗಬಹುದಾದ್ದೆಲ್ಲ ಇದರಲ್ಲಿ ಎದುರಾಗುತ್ತದೆ. ನೀವು ಹೊರಟಿರುವುದು ಕಾಶಿಗೋ ಕೊಲ್ಕತ್ತಾಕ್ಕೋ ಆದರೂ ಲೆಕ್ಕಾಚಾರ ಬಹುಮಟ್ಟಿಗೆ ಇದೇ.

ಮೊದಲು ಅಳತೆಗೋಲು

ನಾನು ನೋಡುವುದು ಐದು ವಿಷಯ, ಅದೂ ಈ ಕ್ರಮದಲ್ಲೇ. ಟಿಕೆಟ್ ಕನ್ಫರ್ಮ್ ಆಗಿದೆಯೇ. ಗಾಡಿ ಎಷ್ಟು ಗಂಟೆಗೆ ಇಳಿಸುತ್ತದೆ, ಇಳಿದ ಕಡೆ ಯಾರಿದ್ದಾರೆ. ರಾತ್ರಿ ನಿಮ್ಮ ಸುತ್ತ ಎಷ್ಟು ಜನ ಇರುತ್ತಾರೆ, ಜಾಗ ತೆರೆದಿದೆಯೋ ಮುಚ್ಚಿದೆಯೋ. ನಿದ್ದೆ ಮತ್ತು ಟಾಯ್ಲೆಟ್. ಕೊನೆಗೆ ದುಡ್ಡು. ಹೆಚ್ಚಿನವರು ಶುರು ಮಾಡುವುದೇ ದುಡ್ಡಿನಿಂದ, ಹಾಗಾಗಿ ಮೊದಲೆರಡು ಮರೆತೇ ಹೋಗುತ್ತವೆ.

ಕನ್ಫರ್ಮ್ ವಿಷಯದಲ್ಲಿ ಮಾತ್ರ ನಾನು ರಾಜಿ ಆಗುವುದಿಲ್ಲ. ಈಗ ಬುಕಿಂಗ್ ತೆರೆಯುವುದು ಪ್ರಯಾಣದ ದಿನ ಬಿಟ್ಟು 60 ದಿನ ಮೊದಲು, ಬೆಳಿಗ್ಗೆ 8 ಗಂಟೆಗೆ. ಮೊದಲು ಇದು 120 ದಿನ ಇತ್ತು, 2024ರ ನವೆಂಬರ್‌ನಿಂದ ಇಳಿಸಿದರು. 2025ರ ಮೇ ತಿಂಗಳಿಂದ ವೇಟಿಂಗ್ ಲಿಸ್ಟ್ ಟಿಕೆಟ್ ಹಿಡಿದು ಸ್ಲೀಪರ್ ಅಥವಾ ಎಸಿ ಬೋಗಿ ಹತ್ತುವ ಹಾಗಿಲ್ಲ, ಕೌಂಟರ್‌ನಲ್ಲಿ ತೆಗೆದ ಟಿಕೆಟ್ ಆದರೂ ಅಷ್ಟೇ. ಆದ್ದರಿಂದ "ವೇಟಿಂಗ್ ಇದ್ರೂ ಹತ್ಕೋ, ಟಿಟಿ ಹತ್ರ ಮಾತಾಡಿದ್ರೆ ಆಯ್ತು" ಎನ್ನುವ ಮಾವನ ಸಲಹೆಯನ್ನು ಕೈಬಿಡಿ.

ಆರ್‌ಎಸಿ ಬಗ್ಗೆ ಬೇರೆಯಾಗಿ ಹೇಳಬೇಕು. ಆರ್‌ಎಸಿ ಎಂದರೆ ಗಾಡಿ ಹತ್ತಬಹುದು, ಆದರೆ ಸೈಡ್ ಲೋವರ್ (ನಡೆದಾಡುವ ದಾರಿಯ ಪಕ್ಕದ ಕೆಳಗಿನ) ಬರ್ತನ್ನು ಇನ್ನೊಬ್ಬರ ಜೊತೆ ಹಂಚಿಕೊಂಡು ಕೂರಬೇಕು. ಆ ಇನ್ನೊಬ್ಬರು ಯಾರೆಂಬುದು ನಿಮ್ಮ ಕೈಯಲ್ಲಿಲ್ಲ. ನಾಲ್ಕು ತಾಸಿನ ಪ್ರಯಾಣಕ್ಕೆ ಪರವಾಗಿಲ್ಲ. ಎರಡು ರಾತ್ರಿಯ ಪ್ರಯಾಣಕ್ಕೆ, ಅದೂ ಮೊದಲ ಸಲಕ್ಕೆ, ಬೇಡ. ಕನ್ಫರ್ಮ್ ಸ್ಲೀಪರ್ ಮತ್ತು ಆರ್‌ಎಸಿ ತ್ರೀ ಎಸಿ ಇವೆರಡರ ನಡುವೆ ಆರಿಸು ಎಂದರೆ ನಾನು ಕಣ್ಣು ಮುಚ್ಚಿಕೊಂಡು ಸ್ಲೀಪರ್ ಅನ್ನುತ್ತೇನೆ.

ತತ್ಕಾಲ್, ಅಂದರೆ ಕೊನೆ ಗಳಿಗೆಯ ಬುಕಿಂಗ್, ಕೊನೆಯ ದಾರಿ. ಹಿಂದಿನ ದಿನ ಬೆಳಿಗ್ಗೆ 10ಕ್ಕೆ ಎಸಿ, 11ಕ್ಕೆ ಸ್ಲೀಪರ್. ಆನ್‌ಲೈನ್‌ನಲ್ಲಿ ತೆಗೆಯಲು ಐಆರ್‌ಸಿಟಿಸಿ (ರೈಲ್ವೆಯ ಟಿಕೆಟ್ ತಾಣ) ಖಾತೆಗೆ ಆಧಾರ್ ಜೋಡಿಸಿ ದೃಢೀಕರಿಸಿರಬೇಕು. ಇದನ್ನು ಆ ಬೆಳಿಗ್ಗೆ 9.55ಕ್ಕೆ ಮಾಡಲು ಕೂತರೆ ಸೀಟು ಕೈತಪ್ಪುತ್ತದೆ, ಮೊದಲೇ ಮಾಡಿಟ್ಟುಕೊಳ್ಳಿ. ಕನ್ಫರ್ಮ್ ಆದ ತತ್ಕಾಲ್ ಟಿಕೆಟ್ ರದ್ದು ಮಾಡಿದರೆ ದುಡ್ಡು ವಾಪಸ್ ಬರುವುದಿಲ್ಲ.

ಯಾವ ಗಾಡಿ: ಇಳಿಯುವ ಹೊತ್ತು ನೋಡಿ

ಬೆಂಗಳೂರಿನಿಂದ ದಿನವೂ ಹೊರಡುವ ಎರಡು ಮುಖ್ಯ ಗಾಡಿಗಳು ರಾಜಧಾನಿ ಮತ್ತು ಕರ್ನಾಟಕ ಎಕ್ಸ್‌ಪ್ರೆಸ್. ಎರಡೂ ಮೆಜೆಸ್ಟಿಕ್‌ನ ಕೆಎಸ್‌ಆರ್ ನಿಲ್ದಾಣದಿಂದ ಸಂಜೆ–ರಾತ್ರಿಯ ಹೊತ್ತಿಗೇ ಹೊರಡುತ್ತವೆ. ಹೋಗುವ ದಾರಿ, ಮುಟ್ಟುವ ಹೊತ್ತು ಮಾತ್ರ ಬೇರೆ.

ರಾಜಧಾನಿ ರಾಯಚೂರಿನಿಂದ ಸಿಕಂದರಾಬಾದ್ ಕಡೆ ಹೊರಳಿ, ನಾಗಪುರ, ಭೋಪಾಲ್ ಮೇಲೆ ಹೋಗುತ್ತದೆ. ಹೆಚ್ಚು ಕಡಿಮೆ 33–34 ತಾಸು. ಪೂರ್ತಿ ಎಸಿ, ಊಟ–ತಿಂಡಿ ಟಿಕೆಟ್ಟಿನಲ್ಲೇ ಸೇರಿರುತ್ತದೆ (ಬೇಡವೆಂದರೆ ಬುಕಿಂಗ್ ವೇಳೆ ಬಿಡಬಹುದು), ನಿಲ್ದಾಣ ಕಡಿಮೆ, ನಡುವೆ ಹತ್ತಿ ಇಳಿಯುವವರೂ ಕಡಿಮೆ. ಇಷ್ಟೆಲ್ಲ ಕೇಳಿದರೆ ಇದೇ ಸರಿ ಅನಿಸುತ್ತದೆ. ತೊಡಕಿರುವುದು ಕೊನೆಯಲ್ಲಿ. ಇದು ಹಜರತ್ ನಿಜಾಮುದ್ದೀನ್ ಮುಟ್ಟುವುದು ಬೆಳಗಿನ ಜಾವ ಐದೂವರೆಯ ಸುಮಾರಿಗೆ. ಜನವರಿಯಲ್ಲಿ ದೆಹಲಿಗೆ ಬೆಳಕು ಹರಿಯುವುದು ಏಳರ ಮೇಲೆ. ಕರೆದೊಯ್ಯಲು ಯಾರಾದರೂ ಬರುವವರಿದ್ದರೆ ಚಿಂತೆಯಿಲ್ಲ. ಇಲ್ಲದಿದ್ದರೆ ಮಂಜು ಕವಿದ ಕತ್ತಲಲ್ಲಿ, ಗೊತ್ತಿಲ್ಲದ ಊರಿನಲ್ಲಿ, ಆಟೋದವನ ಜೊತೆ ಅರ್ಧಂಬರ್ಧ ಹಿಂದಿಯಲ್ಲಿ ಚೌಕಾಸಿ. (ಚಳಿಗಾಲದ ಮಂಜಿಗೆ ಗಾಡಿ ಮೂರು ತಾಸು ತಡವಾದರೆ ಬೆಳಕಿನಲ್ಲೇ ಇಳಿಯುತ್ತೀರಿ. ಆದರೆ ಅದನ್ನು ನಂಬಿ ಟಿಕೆಟ್ ತೆಗೆಯಲು ಆಗುತ್ತದೆಯೇ?) ರಾಜಧಾನಿಯಲ್ಲಿ ಸೀಟು ತುಂಬುತ್ತಾ ಹೋದಂತೆ ದರವೂ ಏರುತ್ತದೆ. ತಡವಾಗಿ ಬುಕ್ ಮಾಡಿದರೆ ಅದೇ ತ್ರೀ ಎಸಿಗೆ ಹೆಚ್ಚು ತೆರುತ್ತೀರಿ.

ಕರ್ನಾಟಕ ಎಕ್ಸ್‌ಪ್ರೆಸ್ ಗುಂತಕಲ್, ರಾಯಚೂರು, ವಾಡಿ, ಕಲಬುರಗಿ, ಸೊಲ್ಲಾಪುರ, ದೌಂಡ್, ಮನ್ಮಾಡ್, ಭುಸಾವಳ್, ಇಟಾರ್ಸಿ ಮೇಲೆ ಸುತ್ತಿಕೊಂಡು ಹೋಗುತ್ತದೆ. ನಾಲ್ಕೈದು ತಾಸು ಹೆಚ್ಚು ಹಿಡಿಯುತ್ತದೆ, ಆದರೆ ಹೊಸದೆಹಲಿ ನಿಲ್ದಾಣಕ್ಕೆ ಇಳಿಸುವುದು ಹೊತ್ತೇರಿದ ಮೇಲೆ. ಸ್ಲೀಪರ್ ಕೂಡ ಇದೆ. ಮೊದಲ ರಾತ್ರಿ ಬೋಗಿಯಲ್ಲಿ ರಾಯಚೂರು, ಕಲಬುರಗಿ ಕಡೆಗೆ ಹೊರಟ ಕನ್ನಡದವರು ಧಾರಾಳ. ಮೊದಲ ಸಲ ಒಬ್ಬಳೇ ಹೊರಟವಳಿಗೆ ಇದು ಸಣ್ಣ ಧೈರ್ಯವಲ್ಲ. ಮೊದಲ ರಾತ್ರಿ ಭಾಷೆ ಗೊತ್ತಿರುವವರ ನಡುವೆ ಕಳೆದರೆ, ಎರಡನೇ ರಾತ್ರಿಯ ಹೊತ್ತಿಗೆ ಬೋಗಿ ನಿಮಗೆ ಪಳಗಿರುತ್ತದೆ.

ನನ್ನ ಲೆಕ್ಕ ಇಷ್ಟು: ಸ್ಟೇಷನ್ನಿಗೆ ಬರುವವರಿದ್ದರೆ ರಾಜಧಾನಿ, ಇಲ್ಲದಿದ್ದರೆ ಕರ್ನಾಟಕ. ರಾಜಧಾನಿಯೇ ಬೇಕು, ಬರುವವರೂ ಇಲ್ಲ ಎಂದಾದರೆ ಬೆಳಕಾಗುವವರೆಗೆ ನಿಲ್ದಾಣದ ಒಳಗೇ, ವೇಟಿಂಗ್ ರೂಮಿನಲ್ಲಿ ಕೂತಿರಿ. ನಿಜಾಮುದ್ದೀನ್ ಪಕ್ಕದಲ್ಲೇ ಪಿಂಕ್ ಲೈನ್ ಮೆಟ್ರೊ ಇದೆ. ಹೊಸದೆಹಲಿಯಲ್ಲಿ ಇಳಿದರೆ ಅಜ್ಮೇರಿ ಗೇಟ್ ಕಡೆಗೆ ಬನ್ನಿ, ಯೆಲ್ಲೋ ಲೈನ್ ಮತ್ತು ಏರ್‌ಪೋರ್ಟ್ ಲೈನ್ ಎರಡೂ ಅಲ್ಲಿವೆ. ದೆಹಲಿ ಮೆಟ್ರೊದಲ್ಲಿ ಗಾಡಿ ಚಲಿಸುವ ದಿಕ್ಕಿನ ಮೊದಲ ಬೋಗಿ ಹೆಂಗಸರಿಗೇ ಮೀಸಲು.

ಹುಬ್ಬಳ್ಳಿ–ಬೆಳಗಾವಿಯವರು ಬೆಂಗಳೂರಿಗೆ ಬರುವ ಅಗತ್ಯವೇ ಇಲ್ಲ. ಯಶವಂತಪುರದಿಂದ ಹೊರಡುವ ಸಂಪರ್ಕ ಕ್ರಾಂತಿ ವಾರದ ಕೆಲವು ದಿನ ಆ ಕಡೆಯಿಂದಲೇ ಹೋಗುತ್ತದೆ, ಉಳಿದ ದಿನ ಕಾಚಿಗೂಡ ಮೇಲೆ. ದಿನ ನೋಡಿಕೊಂಡು ಬುಕ್ ಮಾಡಿ. ಮಂಗಳೂರು, ಉಡುಪಿಯವರಿಗೆ ಕೊಂಕಣ ದಾರಿಯ ಮಂಗಳಾ ಲಕ್ಷದ್ವೀಪ ಇದೆ.

ಕ್ಲಾಸುಗಳನ್ನು ತೂಗಿ ನೋಡೋಣ

ದರ ಆಗಾಗ ಬದಲಾಗುತ್ತದೆ, ಆದರೆ ಒಂದಕ್ಕೊಂದರ ಅಂತರ ಹೆಚ್ಚು ಬದಲಾಗುವುದಿಲ್ಲ. ಈ ದೂರಕ್ಕೆ ಸ್ಲೀಪರ್ ಸಾವಿರದ ಆಸುಪಾಸು. ತ್ರೀ ಎಸಿ ಅದರ ಎರಡೂವರೆ ಪಟ್ಟಿಗಿಂತ ತುಸು ಮೇಲೆ. ಟೂ ಎಸಿ ಎಂದರೆ ತ್ರೀ ಎಸಿಯ ಸುಮಾರು ಒಂದೂವರೆ ಪಟ್ಟು. ಫಸ್ಟ್ ಎಸಿ ಸ್ಲೀಪರಿನ ಆರು ಪಟ್ಟಿನ ಹತ್ತಿರ ಹೋಗುತ್ತದೆ.

ಸ್ಲೀಪರನ್ನು ಬಯ್ಯುವುದು ಈಗ ಫ್ಯಾಷನ್. ಅದರಲ್ಲಿ ಒಳ್ಳೆಯದೂ ಇದೆ. ಬೋಗಿ ಪೂರ್ತಿ ತೆರೆದಿರುತ್ತದೆ, ಸಂಸಾರ ಸಮೇತ ಬರುವವರು ಹೆಚ್ಚು, ಯಾವ ಹೊತ್ತಿನಲ್ಲೂ ಯಾರೋ ಒಬ್ಬರು ಎಚ್ಚರ ಇರುತ್ತಾರೆ. ಕೂಗಿದರೆ ಕೇಳುವವರಿಗೆ ಬರವಿಲ್ಲ. ಇದಕ್ಕೆ ಎದುರಾಗಿ ಮೂರು ತೊಂದರೆ. ಒಂದು, ಹವೆ: ಏಪ್ರಿಲ್–ಮೇನಲ್ಲಿ ಸೊಲ್ಲಾಪುರದಿಂದ ಖಂಡ್ವಾವರೆಗಿನ ಮಧ್ಯಾಹ್ನ ಕಬ್ಬಿಣದ ಬೋಗಿ ಕಾದ ಕಾವಲಿ. ಡಿಸೆಂಬರ್–ಜನವರಿಯಲ್ಲಿ ಭೋಪಾಲ್ ದಾಟಿದ ಮೇಲೆ ಕಿಟಕಿ ಸಂದಿಯಿಂದ ಬರುವ ಚಳಿಗೆ ಒಂದು ಶಾಲು ಸಾಲದು. ಹಾಸಿಗೆ–ಹೊದಿಕೆ ಸ್ಲೀಪರಿನಲ್ಲಿ ಕೊಡುವುದಿಲ್ಲ. ಎರಡು, ಕೊನೆಯ ಬೆಳಗು: ಝಾನ್ಸಿ, ಗ್ವಾಲಿಯರ್, ಆಗ್ರಾ ಕಡೆ ರಿಸರ್ವೇಶನ್ ಇಲ್ಲದವರೂ ಒಳಗೆ ನುಗ್ಗಿ, ಮಲಗಿದವರ ಕಾಲ ಬಳಿ ಕೂತುಬಿಡುವುದುಂಟು. ಮೂರು, ಕಿಟಕಿ: ಗಾಡಿ ನಿಲ್ದಾಣ ಬಿಡುವ ಹೊತ್ತಿನಲ್ಲಿ ಕಿಟಕಿ ಪಕ್ಕ ಮೊಬೈಲ್ ಹಿಡಿದು ಕೂತರೆ ಹೊರಗಿನಿಂದ ಕೈ ಹಾಕಿ ಕಸಿಯುತ್ತಾರೆ, ಕತ್ತಿನ ಸರಕ್ಕೂ ಅದೇ ಅಪಾಯ. ಅಕ್ಟೋಬರ್–ನವೆಂಬರ್ ಅಥವಾ ಫೆಬ್ರುವರಿಯಲ್ಲಿ, ಕನ್ಫರ್ಮ್ ಅಪ್ಪರ್ ಬರ್ತ್ ಸಿಕ್ಕರೆ, ಕೈ ಬಿಗಿ ಇರುವವರು ಸ್ಲೀಪರಿನಲ್ಲಿ ಹೋಗಬಹುದು. ಬೇಸಿಗೆಯಲ್ಲಿ ಮಾತ್ರ ಇನ್ನೊಂದಿಷ್ಟು ದುಡ್ಡು ಹೊಂದಿಸಿಕೊಳ್ಳಿ.

ತ್ರೀ ಎಸಿ ಬಹುತೇಕರಿಗೆ ಸರಿಹೋಗುವ ಕ್ಲಾಸ್. ಟಿಕೆಟ್ ಇಲ್ಲದವರ ಓಡಾಟ ಕಡಿಮೆ, ಕಿಟಕಿ ಮುಚ್ಚಿರುತ್ತದೆ, ಶೀಟು, ದಿಂಬು, ಕಂಬಳಿ ಕೊಡುತ್ತಾರೆ. ಸಾಮಾನ್ಯವಾಗಿ ಪರದೆ ಇರುವುದಿಲ್ಲ. ಅದನ್ನು ಕೊರತೆ ಅನ್ನುವವರಿದ್ದಾರೆ, ನನಗೆ ಅದೇ ಗುಣ. ಒಂದು ಬೇಯಲ್ಲಿ (ಎದುರುಬದುರು ಬರ್ತುಗಳ ಒಂದು ಗುಂಪಿನಲ್ಲಿ) ಎಂಟು ಜನ, ಓಡಾಡುವವರಿಗೆಲ್ಲ ಎಲ್ಲವೂ ಕಾಣುತ್ತದೆ. ಎದುರಿನ ಬರ್ತಿನವನು ವಿನಾಕಾರಣ ದಿಟ್ಟಿಸುತ್ತಿದ್ದರೆ ಪಕ್ಕದ ಅಜ್ಜಿಗೂ ಅದು ಕಾಣುತ್ತದೆ, ಅಜ್ಜಿಯರು ಸುಮ್ಮನಿರುವವರಲ್ಲ. ಕಷ್ಟ ಎಂದರೆ ಮಿಡಲ್ ಬರ್ತ್. ಅದನ್ನು ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಮಾತ್ರ ಎತ್ತಿ ಕಟ್ಟುವ ನಿಯಮ. ಉಳಿದ ಹೊತ್ತು ಎಲ್ಲರೂ ಕೆಳಗೆ ಕೂರಬೇಕು.

ಕೆಲವು ಗಾಡಿಗಳಲ್ಲಿ ತ್ರೀ ಎಸಿ ಎಕಾನಮಿ, ಅಂದರೆ 3ಇ, ಇರುತ್ತದೆ. ದರ ತುಸು ಕಡಿಮೆ, ಬೋಗಿಗೆ ಬರ್ತ್ ಹೆಚ್ಚು, ಅಷ್ಟರಮಟ್ಟಿಗೆ ಇಕ್ಕಟ್ಟು. ಬೋಗಿಗಳು ಹೊಸವು, ಪ್ರತಿ ಬರ್ತಿಗೂ ಓದುವ ದೀಪ, ಚಾರ್ಜಿಂಗ್ ಪಾಯಿಂಟ್ ಇರುತ್ತವೆ. ಎತ್ತರ ಕಡಿಮೆ ಇರುವವರಿಗೆ ಇದು ಒಳ್ಳೆಯ ವ್ಯಾಪಾರ.

ಟೂ ಎಸಿಯಲ್ಲಿ ಮಿಡಲ್ ಬರ್ತ್ ಇಲ್ಲ. ಒಂದು ಬೇಯಲ್ಲಿ ಆರು ಜನ, ಪ್ರತಿ ಕಡೆಗೂ ಪರದೆ. ಬೆನ್ನುನೋವಿನವರು, ಮುಟ್ಟಿನ ದಿನಗಳಲ್ಲಿ ಪ್ರಯಾಣ ಬಿದ್ದವರು, ಹಗಲೂ ಮಲಗಿಕೊಂಡು ಹೋಗಬೇಕಾದವರು ಇದಕ್ಕೆ ದುಡ್ಡು ಕೊಟ್ಟರೆ ವ್ಯರ್ಥವಲ್ಲ. ಪರದೆ ಎಳೆದರೆ ನಿಮ್ಮದೇ ಒಂದು ಮೂಲೆ ಸಿಗುತ್ತದೆ. ಆದರೆ ನಿಮ್ಮ ಕಡೆಯ ಉಳಿದ ಮೂರು ಬರ್ತಿನಲ್ಲೂ ಗಂಡಸರೇ ಬಂದರೆ ಅದೇ ಪರದೆ ಒಳಗೆ ನೀವು ನಾಲ್ಕನೆಯವರು. ಹೆಚ್ಚಿನ ಸಲ ಅವರು ಲ್ಯಾಪ್‌ಟಾಪ್ ಮುಚ್ಚಿ ಗೊರಕೆ ಹೊಡೆಯುವವರೇ. ಆದರೂ ಮೊದಲ ಸಲದವರಿಗೆ ಕಸಿವಿಸಿ ಆಗುವುದು ಸಹಜ. ಸೈಡ್ ಅಪ್ಪರ್ ಸಿಕ್ಕರೆ ಆ ಪ್ರಶ್ನೆಯೇ ಇಲ್ಲ, ಪರದೆಯೂ ನಿಮ್ಮೊಬ್ಬರದೇ.

ಫಸ್ಟ್ ಎಸಿ ವಿಷಯದಲ್ಲಿ ಎಲ್ಲರೂ ಎಡವುವುದು. ಅಲ್ಲಿರುವುದು ಬಾಗಿಲು ಹಾಕಿಕೊಳ್ಳುವ ಕೋಣೆಗಳು: ನಾಲ್ಕು ಬರ್ತಿನ ಕ್ಯಾಬಿನ್, ಎರಡು ಬರ್ತಿನ ಕೂಪೆ. ಬುಕ್ ಮಾಡುವಾಗ ನಿಮಗೆ ಬರ್ತ್ ನಂಬರ್ ಸಿಗುವುದಿಲ್ಲ, ಚಾರ್ಟ್ (ಹೊರಡುವ ಮುನ್ನ ತಯಾರಾಗುವ ಸೀಟು ಪಟ್ಟಿ) ಆದ ಮೇಲೆಯೇ ಗೊತ್ತಾಗುವುದು. ಹೆಂಗಸರನ್ನು ಒಟ್ಟಿಗೆ ಹಾಕಲು ಸಾಮಾನ್ಯವಾಗಿ ನೋಡುತ್ತಾರೆ, ಆದರೆ ಖಾತ್ರಿ ಅಂತ ಯಾರೂ ಬರೆದುಕೊಡುವುದಿಲ್ಲ. ಆರು ಪಟ್ಟು ದುಡ್ಡು ತೆತ್ತು, ಬಾಗಿಲು ಹಾಕಿದ ಕೋಣೆಯಲ್ಲಿ ಗುರುತಿಲ್ಲದವರ ಜೊತೆ ಎರಡು ರಾತ್ರಿ ಕಳೆಯುವ ಸಾಧ್ಯತೆ ಇದ್ದೇ ಇರುತ್ತದೆ. ಅಕ್ಕನೋ ಗೆಳತಿಯೋ ಜೊತೆಗಿದ್ದರೆ ಕೂಪೆಯಷ್ಟು ಸುಖ ಬೇರೊಂದಿಲ್ಲ. ಒಬ್ಬಳೇ, ಅದೂ ಮೊದಲ ಸಲ ಎಂದರೆ ಆ ದುಡ್ಡನ್ನು ದೆಹಲಿಯಲ್ಲಿ ಒಳ್ಳೆಯ ಹೋಟೆಲಿಗೆ ಹಾಕಿ. ಬುಕ್ ಆಗಿಬಿಟ್ಟಿದ್ದರೆ ಚಾರ್ಟ್ ನೋಡಿದ ಕೂಡಲೇ ಟಿಟಿಯನ್ನು ಹುಡುಕಿ, "ಹೆಂಗಸರಿರುವ ಕ್ಯಾಬಿನ್‌ಗೆ ಹಾಕಿಕೊಡಿ" ಎಂದು ಕೇಳಿ. ಗಾಡಿ ಹೊರಟ ಮೇಲೆ ಕೇಳುವುದಕ್ಕಿಂತ ಪ್ಲಾಟ್‌ಫಾರ್ಮಿನಲ್ಲೇ ಕೇಳಿದರೆ ಕೆಲಸ ಬೇಗ ಆಗುತ್ತದೆ.

ಬರ್ತ್: ಮೇಲೋ ಕೆಳಗೋ

ಟಿಕೆಟ್ ಮೇಲಿನ ನಂಬರ್ ನೋಡಿಯೇ ಬರ್ತ್ ತಿಳಿಯಬಹುದು. ಸ್ಲೀಪರ್ ಮತ್ತು ತ್ರೀ ಎಸಿಯಲ್ಲಿ ಎಂಟೆಂಟರ ಲೆಕ್ಕ: 1, 4 ಲೋವರ್, 2, 5 ಮಿಡಲ್, 3, 6 ಅಪ್ಪರ್, 7 ಸೈಡ್ ಲೋವರ್, 8 ಸೈಡ್ ಅಪ್ಪರ್. ಆಮೇಲೆ 9ರಿಂದ ಮತ್ತೆ ಅದೇ. ಉದಾಹರಣೆಗೆ 38 ಬಂತೆನ್ನಿ: ಎಂಟರ ಮಗ್ಗಿಯಲ್ಲಿ 32 ತೆಗೆದರೆ ಉಳಿದದ್ದು 6, ಅಂದರೆ ಅಪ್ಪರ್, ಅದೂ ಬೋಗಿಯ ನಡುಭಾಗದಲ್ಲಿ. ಟಾಯ್ಲೆಟ್ ವಾಸನೆಯೂ ಇಲ್ಲ, ಬಾಗಿಲ ಬಳಿಯ ಓಡಾಟವೂ ಇಲ್ಲ. ಇಂಥ ನಂಬರ್ ಸಿಕ್ಕರೆ ಯಾರಿಗೂ ಬಿಟ್ಟುಕೊಡಬೇಡಿ.

ನಲವತ್ತೈದು ದಾಟದವರಿಗೆ, ಮೊಣಕಾಲು ಗಟ್ಟಿ ಇರುವವರಿಗೆ ನನ್ನ ಆಯ್ಕೆ ಅಪ್ಪರ್. ಹಗಲಲ್ಲೂ ಯಾರೂ ಬಂದು ಕೂರುವುದಿಲ್ಲ, ಬೇಕಾದಾಗ ಮಲಗಬಹುದು, ಬ್ಯಾಗ್ ತಲೆಯ ಹತ್ತಿರವೇ ಇಟ್ಟುಕೊಳ್ಳಬಹುದು, ದಾರಿಯಲ್ಲಿ ಹೋಗುವವರ ಕೈ ತಾಗುವುದಿಲ್ಲ. ಕೆಳಗಿನವರ ಊಟ, ಇಸ್ಪೀಟು, ರಾಜಕೀಯ ಯಾವುದಕ್ಕೂ ನೀವು ಜವಾಬ್ದಾರರಲ್ಲ. ತೊಂದರೆ: ನೆಟ್ಟಗೆ ಕೂರಲು ಆಗುವುದಿಲ್ಲ, ಎಸಿಯಲ್ಲಿ ಗಾಳಿ ನೇರ ತಲೆಗೆ ಹೊಡೆಯುತ್ತದೆ, ಕಿಟಕಿ ಇಲ್ಲ. ದೊಡ್ಡ ಸೂಟ್‌ಕೇಸ್ ಕೆಳಗೇ ಇಡಬೇಕಾದ್ದರಿಂದ ಚೈನು, ಬೀಗ ಬೇಕೇ ಬೇಕು. ಲೋವರ್ ಬರ್ತಿನ ಅಡಿಯಲ್ಲಿ ಚೈನ್ ಹಾಕಲು ಕೊಂಡಿ ಇರುತ್ತದೆ.

ಲೋವರ್ ಬೇಕಾದವರು ಕೇಳಲು ಸಂಕೋಚಪಡಬೇಕಿಲ್ಲ. 45 ತುಂಬಿದ ಹೆಂಗಸರಿಗೆ, ಗರ್ಭಿಣಿಯರಿಗೆ, ಹಿರಿಯರಿಗೆ ಸೇರಿ ಸ್ಲೀಪರಿನ ಪ್ರತಿ ಬೋಗಿಯಲ್ಲಿ 6–7, ತ್ರೀ ಎಸಿಯಲ್ಲಿ 4–5, ಟೂ ಎಸಿಯಲ್ಲಿ 3–4 ಲೋವರ್ ಬರ್ತ್ ಮೀಸಲಿದೆ. ಬುಕಿಂಗ್‌ನಲ್ಲಿ ಕೋಟಾ ಆರಿಸುವ ಕಡೆ ಇದು ಬೇರೆಯಾಗಿಯೇ ಇರುತ್ತದೆ. ಇಷ್ಟು ಕೊಟ್ಟ ರೈಲ್ವೆ 58 ದಾಟಿದ ಹೆಂಗಸರಿಗೆ ಕೊಡುತ್ತಿದ್ದ ಅರ್ಧ ದರದ ರಿಯಾಯಿತಿಯನ್ನು 2020ರ ಮಾರ್ಚ್‌ನಲ್ಲಿ ನಿಲ್ಲಿಸಿತು, ಆ ಬೇಸರ ನನಗೆ ಇನ್ನೂ ಹೋಗಿಲ್ಲ.

ಇನ್ನೊಂದು ಲೇಡೀಸ್ ಕೋಟಾ. ದೂರದ ಮೇಲ್–ಎಕ್ಸ್‌ಪ್ರೆಸ್ ಗಾಡಿಗಳ ಸ್ಲೀಪರಿನಲ್ಲಿ 6 ಬರ್ತ್, ರಾಜಧಾನಿ, ದುರೊಂತೊ ಥರದ ಪೂರ್ತಿ ಎಸಿ ಗಾಡಿಗಳ ತ್ರೀ ಎಸಿಯಲ್ಲಿ 6 ಬರ್ತ್. ಇದಕ್ಕೆ ವಯಸ್ಸಿನ ಮಿತಿ ಇಲ್ಲ, ಒಬ್ಬಳೇ ಹೋಗುವವಳಿಗೂ ಸಿಗುತ್ತದೆ, ಹೆಂಗಸರಷ್ಟೇ ಇರುವ ಗುಂಪಿಗೂ ಸಿಗುತ್ತದೆ. ಜನರಲ್ ಕೋಟಾದಲ್ಲಿ ವೇಟಿಂಗ್ ತೋರಿಸಿದ ಕೂಡಲೇ ಕೈಚೆಲ್ಲುವ ಬದಲು ಇದನ್ನು ಒತ್ತಿ ನೋಡಿ. ಗಮನಿಸಿ: ಕರ್ನಾಟಕ ಎಕ್ಸ್‌ಪ್ರೆಸ್ಸಿನಲ್ಲಿ ಈ ಅನುಕೂಲ ಸ್ಲೀಪರಿಗೆ, ರಾಜಧಾನಿಯಲ್ಲಿ ತ್ರೀ ಎಸಿಗೆ.

ಬುಕ್ ಮಾಡುವಾಗ ಆಟೋ ಅಪ್‌ಗ್ರೇಡ್ ಎಂಬ ಚೌಕವೂ ಇರುತ್ತದೆ. ಪುಕ್ಕಟೆ ಮೇಲಿನ ಕ್ಲಾಸ್ ಸಿಕ್ಕರೆ ಯಾರಿಗೆ ಬೇಡ? ಆದರೆ ಮೇಲಿನ ಕ್ಲಾಸಿನಲ್ಲಿ ಯಾವ ಬರ್ತ್ ಕೊಡುತ್ತಾರೋ ಅದೇ ಗತಿ, ಕಷ್ಟಪಟ್ಟು ಹಿಡಿದ 38 ಹೋಗುತ್ತದೆ. ಬರ್ತ್ ಮನಸ್ಸಿಗೆ ಒಪ್ಪುವಂತಿರಲಿ ಎನ್ನುವವರು ಆ ಗುರುತು ತೆಗೆದುಬಿಡಿ.

ಇನ್ನು ಬರ್ತ್ ಬದಲಾವಣೆಯ ಕಥೆ. ಒಬ್ಬರೇ ಇದ್ದೀರಿ ಎಂದು ಗೊತ್ತಾದ ಕೂಡಲೇ ಬೋಗಿಯ ಎಲ್ಲ ಸಂಸಾರಗಳಿಗೂ ನಿಮ್ಮ ಬರ್ತ್ ಮೇಲೆ ಕಣ್ಣು. "ಮೇಡಂ, ನಾವು ಫ್ಯಾಮಿಲಿ, ನೀವು ಹೇಗೂ ಒಬ್ರೇ ಅಲ್ವಾ, ಆ ಕಡೆ ಬೋಗಿಗೆ ಹೋಗ್ತೀರಾ?" ಕನ್ನಡದಲ್ಲಾದರೂ ಹಿಂದಿಯಲ್ಲಾದರೂ ಮಾತು ಇದೇ. ಅದೇ ಬೇಯೊಳಗೆ, ಅದೇ ಬಗೆಯ ಬರ್ತ್ ಆದರೆ ಕೊಡಿ, ಆ ಸಂಸಾರ ಎರಡು ದಿನ ನಿಮ್ಮ ಕಡೆಯವರಾಗಿರುತ್ತಾರೆ. ಬೇರೆ ಬೋಗಿಗೆ, ಬಾಗಿಲ ಪಕ್ಕಕ್ಕೆ, ಆರ್‌ಎಸಿಯವರು ಕೂರುವ ಸೈಡ್ ಲೋವರಿಗೆ ಎಂದರೆ "ಟಿಟಿ ಬರಲಿ, ಕೇಳೋಣ" ಅನ್ನಿ. ಟಿಟಿ ಹೆಸರು ಹೇಳಿದ ಮೇಲೆ ಅರ್ಧ ಜನ ಮುಂದೆ ಕೇಳುವುದಿಲ್ಲ. ಬದಲಾಯಿಸಿಕೊಂಡರೆ ಮನೆಯವರಿಗೆ ಹೊಸ ನಂಬರ್ ಮೆಸೇಜ್ ಮಾಡಿ.

ಸಾಮಾನು, ಊಟ, ಟಾಯ್ಲೆಟ್

ಸ್ಲೀಪರ್, ತ್ರೀ ಎಸಿಗೆ 40 ಕಿಲೋ, ಟೂ ಎಸಿಗೆ 50, ಫಸ್ಟಿಗೆ 70 ಕಿಲೋ ಸಾಮಾನು ಬಿಟ್ಟಿ ಒಯ್ಯಬಹುದು. ಆದರೆ ನಿಜವಾದ ಮಿತಿ ನಿಮ್ಮ ತೋಳು. ಕೂಲಿ ಇಲ್ಲದೆ ಮೆಟ್ಟಿಲ ಮೇಲೆ ನೀವೊಬ್ಬರೇ ಎತ್ತಲು ಆಗದ್ದನ್ನು ಮನೆಯಲ್ಲೇ ಬಿಡಿ. ಒಂದು ಟ್ರಾಲಿ, ಒಂದು ಬೆನ್ನಿನ ಬ್ಯಾಗು ಸಾಕು. ದುಡ್ಡು, ಗುರುತಿನ ಚೀಟಿ, ಔಷಧಿ, ಚಾರ್ಜರ್ ಬೆನ್ನಿನ ಬ್ಯಾಗಿನಲ್ಲಿ, ಆ ಬ್ಯಾಗು ತಲೆಯಡಿ. ಪವರ್ ಬ್ಯಾಂಕ್ ಇರಲಿ, ಕೆಲವು ಗಾಡಿಗಳಲ್ಲಿ ರಾತ್ರಿ 11ರಿಂದ 5ರವರೆಗೆ ಪಾಯಿಂಟಿಗೆ ಕರೆಂಟ್ ಇರುವುದಿಲ್ಲ.

ಊಟಕ್ಕೆ ಮನೆ ಬುತ್ತಿ, ಪ್ಯಾಂಟ್ರಿ, ಸ್ಟೇಷನ್‌ನಲ್ಲಿ ಸೀಟಿಗೇ ತಂದುಕೊಡುವ ಐಆರ್‌ಸಿಟಿಸಿ ಇ–ಕೇಟರಿಂಗ್ ಎಂಬ ಮೂರು ದಾರಿ. ಮೊದಲ ರಾತ್ರಿಗೆ ಪುಳಿಯೋಗರೆಯೋ ಚಪಾತಿ–ಪಲ್ಯವೋ ಮನೆಯದ್ದು. ಮರುದಿನ ಮಧ್ಯಾಹ್ನಕ್ಕೆ ಪಿಎನ್‌ಆರ್ (ಟಿಕೆಟ್ ಮೇಲಿನ ಬುಕಿಂಗ್ ನಂಬರ್) ಹಾಕಿ ದೊಡ್ಡ ಸ್ಟೇಷನ್ನಿಗೆ ಆರ್ಡರ್. ಪ್ಯಾಂಟ್ರಿಯಿಂದ ಚಹಾ ಮಾತ್ರ. ಉತ್ತರ ಕರ್ನಾಟಕದವರಿಗೆ ಈ ತಲೆನೋವೇ ಇಲ್ಲ: ಖಡಕ್ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡರೆ ದೆಹಲಿ ಮುಟ್ಟಿದ ಮೇಲೂ ಉಳಿದಿರುತ್ತದೆ. ರೈಲ್ ನೀರ್ ಒಂದು ಲೀಟರಿಗೆ 2025ರ ಸೆಪ್ಟೆಂಬರ್‌ನಿಂದ 14 ರೂಪಾಯಿ. ಇಪ್ಪತ್ತು ಕೇಳಿದರೆ ಬಾಟಲಿ ಮೇಲಿನ ದರ ತೋರಿಸಿ. ನೀರು ಕಡಿಮೆ ಕುಡಿದು ಟಾಯ್ಲೆಟ್ ತಪ್ಪಿಸುವ ಹಳೇ ಉಪಾಯ ಎರಡು ದಿನದ ಪ್ರಯಾಣಕ್ಕೆ ನಡೆಯುವುದಿಲ್ಲ, ಉರಿಮೂತ್ರ ಕಟ್ಟಿಟ್ಟದ್ದು. ಎಲ್ಲರೂ ಏಳುವ ಮೊದಲು, ಐದೂವರೆಗೆ ಹೋಗಿ ಬನ್ನಿ. ಸೋಪಿನ ಕಾಗದ, ಹಳೇ ಪೇಪರ್, ಸಣ್ಣ ಕವರ್ ಜೊತೆಗಿರಲಿ. ಈಗ ಇರುವುದು ಬಯೋ ಟಾಯ್ಲೆಟ್, ಪ್ಯಾಡ್ ಒಳಗೆ ಹಾಕಿದರೆ ಕಟ್ಟಿಕೊಳ್ಳುತ್ತದೆ.

ಯಾರನ್ನು ಕರೆಯುವುದು

ರೈಲಿನೊಳಗಿನ ಯಾವುದೇ ತೊಂದರೆಗೆ 139. ಭದ್ರತೆ, ಸ್ವಚ್ಛತೆ, ವೈದ್ಯಕೀಯ ನೆರವು ಎಲ್ಲಕ್ಕೂ ಅದೊಂದೇ. ಪೊಲೀಸ್ ತುರ್ತಿಗೆ 112. ರೈಲ್ ಮದದ್ ಆ್ಯಪ್‌ನಲ್ಲಿ ಪಿಎನ್‌ಆರ್ ಹಾಕಿ ದೂರು ಕೊಟ್ಟರೆ ನಿಮ್ಮ ಬೋಗಿ, ಬರ್ತ್ ಹೇಳುತ್ತಾ ಕೂರುವ ಅಗತ್ಯ ಇರುವುದಿಲ್ಲ. ಪಕ್ಕದವನ ಕಿರಿಕಿರಿಗೆ ಅವನ ಎದುರೇ ಫೋನ್ ಮಾಡಬೇಕಾಗಿಲ್ಲ, ಕಂಬಳಿಯೊಳಗಿಂದಲೇ ಬರೆದು ಕಳಿಸಬಹುದು.

ಒಬ್ಬಳೇ ಪ್ರಯಾಣಿಸುವ ಹೆಂಗಸರಿಗಾಗಿ ರೈಲ್ವೆ ರಕ್ಷಣಾ ಪಡೆ, ಅಂದರೆ ಆರ್‌ಪಿಎಫ್‌ನ 'ಮೇರಿ ಸಹೇಲಿ' ಎಂಬ ಏರ್ಪಾಡು 2020ರಿಂದ ಇದೆ. ಗಾಡಿ ಹೊರಡುವ ಸ್ಟೇಷನ್‌ನಲ್ಲಿ ಮಹಿಳಾ ಸಿಬ್ಬಂದಿ ಬಂದು ಮಾತಾಡಿಸಿ ಸೀಟ್ ನಂಬರ್ ಬರೆದುಕೊಂಡು ಹೋಗುತ್ತಾರೆ, ದಾರಿಯ ನಿಲ್ದಾಣಗಳ ಆರ್‌ಪಿಎಫ್‌ಗೆ ಆ ಮಾಹಿತಿ ಹೋಗುತ್ತದೆ. ಖಾಕಿ ಹಾಕಿದವರು ಬಂದು ಹೆಸರು ಕೇಳಿದರೆ ಗಾಬರಿಯಾಗಬೇಡಿ. ಅವರು ಬರದಿದ್ದರೆ ಹೊರಡುವ ಮುನ್ನ ನೀವೇ ಹೋಗಿ ಹೇಳಿ.

ರಾತ್ರಿ 10ರ ಮೇಲೆ, ಆಗಲೇ ತಪಾಸಣೆ ಆದವರನ್ನು ಎಬ್ಬಿಸಿ ಟಿಕೆಟ್ ಕೇಳುವಂತಿಲ್ಲ. ಎರಡು ಗಂಟೆಗೆ ಯಾರೋ ಎಬ್ಬಿಸಿದರೆ ಮೊದಲು ಅವರ ಗುರುತಿನ ಚೀಟಿ ಕೇಳಿ. ಇನ್ನೊಂದು: ಟಿಕೆಟ್ ವಿಷಯದಲ್ಲಿ ಏನೇ ಗೊಂದಲವಾದರೂ, ಜೊತೆಗೆ ಗಂಡಸರಿಲ್ಲದ ಹೆಂಗಸನ್ನು ರಾತ್ರಿ ಹೊತ್ತು ಗಾಡಿಯಿಂದ ಇಳಿಸುವಂತಿಲ್ಲ. ಇಳಿಸುವುದಾದರೆ ಹಗಲಲ್ಲೇ, ಅದೂ ಅವಳು ಹತ್ತಿದ ಸ್ಟೇಷನ್, ಜಂಕ್ಷನ್, ಕೊನೆಯ ನಿಲ್ದಾಣ ಅಥವಾ ಜಿಲ್ಲಾ ಕೇಂದ್ರದಲ್ಲಿ ಮಾತ್ರ. 1989ರ ರೈಲ್ವೆ ಕಾಯ್ದೆಯ ಕಲಂ 139 ಇದು. ಸಹಾಯವಾಣಿಯ ಅಂಕಿಯೇ ಆಗಿರುವುದರಿಂದ ನೆನಪಿಡುವುದು ಸುಲಭ.

"ಒಬ್ರೇನಾ? ಎಲ್ಲಿಗೆ? ಯಾರ ಮನೆಗೆ?" ಎಂದು ಕೇಳುವವರಲ್ಲಿ ನೂರಕ್ಕೆ ತೊಂಬತ್ತು ಮಂದಿ ಸುಮ್ಮನೆ ಕೇಳುವವರು. ಆದರೂ ಇಳಿಯುವ ಕಡೆ ಅಣ್ಣ ಬಂದಿರುತ್ತಾನೆ ಅನ್ನಿ. ಅಣ್ಣ ಇಲ್ಲದಿದ್ದರೂ ಅನ್ನಿ.

ಹಾಗಾದರೆ ನೀವು?

ಇಪ್ಪತ್ತೆರಡರ ಹುಡುಗಿ, ಕೈಯಲ್ಲಿ ದುಡ್ಡು ಕಮ್ಮಿ, ಹವೆ ಹಿತವಾಗಿರುವ ತಿಂಗಳು: ಕರ್ನಾಟಕ ಎಕ್ಸ್‌ಪ್ರೆಸ್, ಲೇಡೀಸ್ ಕೋಟಾದಲ್ಲಿ ಸ್ಲೀಪರ್, ಅಪ್ಪರ್ ಬರ್ತ್. ಇಂಟರ್‌ವ್ಯೂ ಇದ್ದರೆ ಒಂದು ದಿನ ಮೊದಲೇ ಮುಟ್ಟುವ ಹಾಗೆ ನೋಡಿಕೊಳ್ಳಿ ಮತ್ತು ಆಗ ಸ್ಲೀಪರ್ ಬಿಟ್ಟು ತ್ರೀ ಎಸಿಗೆ ಏರಿ, ನಿದ್ದೆಗೆಟ್ಟ ಮುಖದಲ್ಲಿ ಇಂಟರ್‌ವ್ಯೂ ಬೇಡ. ಮಗಳ ಮನೆಗೆ ಹೊರಟ ಐವತ್ತರ ಅಮ್ಮ: ಅಳಿಯ ಸ್ಟೇಷನ್ನಿಗೆ ಬರುತ್ತಾನೆಂದರೆ ರಾಜಧಾನಿ ತ್ರೀ ಎಸಿ, 45ರ ಮೇಲಿನವರ ಕೋಟಾದಲ್ಲಿ ಲೋವರ್. ಮಂಡಿ, ಬೆನ್ನು ತೊಂದರೆ ಇದ್ದರೆ ಟೂ ಎಸಿ ಲೋವರ್. ಯಾರೂ ಬರುವವರಿಲ್ಲದ, ದುಡ್ಡಿಗೆ ತೊಂದರೆ ಇಲ್ಲದ ಟೀಚರ್: ಕರ್ನಾಟಕ ಎಕ್ಸ್‌ಪ್ರೆಸ್, ಟೂ ಎಸಿ ಸೈಡ್ ಅಪ್ಪರ್, ಸಿಗದಿದ್ದರೆ ತ್ರೀ ಎಸಿ ಅಪ್ಪರ್. ಎರಡು ರಾತ್ರಿ ಎಂದರೇ ಎದೆ ಡವಡವ ಅನ್ನುವವರು ಮೊದಲು ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ಸಿನಲ್ಲಿ ಬೆಂಗಳೂರಿನಿಂದ ಬೆಳಗಾವಿಗೆ ಒಂದು ರಾತ್ರಿ ಹೋಗಿ ಬನ್ನಿ. ಏಣಿ ಹತ್ತುವುದು, ಚೈನ್ ಹಾಕುವುದು, ನಡುರಾತ್ರಿ ಟಾಯ್ಲೆಟ್ಟಿಗೆ ಹೋಗುವುದು ಎಲ್ಲ ಅಲ್ಲೇ ಅಭ್ಯಾಸ ಆಗುತ್ತದೆ.

ವಾಪಸ್ ಟಿಕೆಟ್ಟನ್ನು ಹೋಗುವ ಟಿಕೆಟ್ಟಿನ ಜೊತೆಗೇ ಯೋಚಿಸಿ. ಆ ದಿನದ ಬುಕಿಂಗ್ ತೆರೆಯುವುದು ಬೇರೆ ತಾರೀಕಿಗಾದ್ದರಿಂದ ಮೊಬೈಲ್‌ನಲ್ಲಿ ಅಲಾರಂ ಇಟ್ಟುಕೊಳ್ಳಿ. ದೀಪಾವಳಿ, ಛಠ್ ಆಸುಪಾಸಿನಲ್ಲಿ ದೆಹಲಿ ಕಡೆಯ ನಿಲ್ದಾಣಗಳಲ್ಲಿ ಕಾಲಿಡಲು ಜಾಗ ಇರುವುದಿಲ್ಲ, ಸಾಧ್ಯವಾದರೆ ಆ ವಾರ ಬಿಡಿ. ಬರುವಾಗ ರಾಜಧಾನಿಯೂ ಬೆಂಗಳೂರಿಗೆ ತಲುಪುವುದು ಬೆಳಿಗ್ಗೆಯೇ. ಆದರೆ ಇಲ್ಲಿ ನಮ್ಮ ಮೆಟ್ರೊ ಮೆಜೆಸ್ಟಿಕ್ ಸ್ಟೇಷನ್ನಿನ ಎದುರೇ ಇದೆ, ಆಟೋದವನ ಜೊತೆ ಜಗಳವಾಡಿದರೂ ಕನ್ನಡದಲ್ಲೇ ಆಡಬಹುದು. ಹಾಗಾಗಿ ಹೋಗುವಾಗ ಕರ್ನಾಟಕ, ಬರುವಾಗ ರಾಜಧಾನಿ ಎಂದು ತೆಗೆದರೂ ತಪ್ಪಿಲ್ಲ.